ಚೀಲದಲ್ಲೇ ಉಳಿದ ಹದಿನೇಳು ಸೀಸೆ

ಚಿತ್ರದುರ್ಗದವರಿಗೆ ಯುದ್ಧದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನನಗೆ ಬಾಲ್ಯದಿಂದಲೂ ಇದೆ. ಬಂದ ನೆಂಟರಿಗೆಲ್ಲ ಏಳು ಸುತ್ತಿನ ಕೋಟೆ ತೋರಿಸುತ್ತಾ ಬೆಳೆಸಿಕೊಂಡ ಜಂಬ ಅದು. ದಸರಾ ರಜೆಗೆ ಬಂದ ಮಗಳು ಲ್ಯಾಪ್‌ಟಾಪಿನಲ್ಲಿ 'ಬಾಲ್ಡರ್ಸ್ ಗೇಟ್ 3' ಎಂಬ ಕಾಳಗದ ಆಟ ತೆರೆದು, "ಅಪ್ಪಾ, ನೀನೂ ಒಂದು ಕೈ ನೋಡು" ಎಂದಾಗ ಆ ಧೈರ್ಯದಲ್ಲೇ ಕುಳಿತೆ. ಮಂಡಕ್ಕಿಯ ತಟ್ಟೆ ಖಾಲಿಯಾಗುವ ಮೊದಲೇ ನನ್ನ ತಂಡದ ನಾಲ್ವರೂ ಸತ್ತಿದ್ದರು.

2023ರಲ್ಲಿ ಬಂದ ಈ ಆಟಕ್ಕೆ ಬೆರಳಿನ ಚುರುಕು ಬೇಕಿಲ್ಲ. ಕಾಳಗದಲ್ಲಿ ಚೌಕಾಬಾರದ ಹಾಗೆ ಸರದಿ ಕಾಯಬೇಕು; ಕವಡೆಯ ಜಾಗದಲ್ಲಿ 20 ಮುಖದ ದಾಳ. ಸರದಿ ಬಂದಾಗ ಒಂದಿಷ್ಟು ದೂರ ನಡೆಯಬಹುದು, ಒಂದು ದೊಡ್ಡ ಕೆಲಸ ಮತ್ತು ಒಂದು ಸಣ್ಣ ಕೆಲಸ ಮಾಡಬಹುದು. ಕತ್ತಿ ಬೀಸುವುದು ದೊಡ್ಡದು. ಗಾಯ ಮಾಯಿಸುವ ಮದ್ದು ಕುಡಿಯುವುದು, ಎದುರಿನವನನ್ನು ನೂಕುವುದು ಸಣ್ಣದು. ನೂಕುವುದೂ ಒಂದು ಯುದ್ಧವೇ ಎಂದು ಮೂಗು ಮುರಿದಿದ್ದೆ. ಬಂಡೆಯ ಅಂಚಿನಲ್ಲಿ ನಿಂತಿದ್ದ ಗಾಬ್ಲಿನ್ ಎಂಬ ಕುಳ್ಳ ರಕ್ಕಸನೊಬ್ಬನನ್ನು ಮಗಳು ಒಂದೇ ನೂಕಿಗೆ ಪ್ರಪಾತ ಕಾಣಿಸಿದಳು. ಸೀಟಿಗಾಗಿ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಅಭ್ಯಾಸ ಮಾಡಿದ ವಿದ್ಯೆ ನನಗೇ ಹೊಳೆದಿರಲಿಲ್ಲ!

ಇನ್ನೊಂದು ಅವಮಾನ ಎತ್ತರದ್ದು. ಮೇಲೆ ನಿಂತು ಬಾಣ ಬಿಟ್ಟರೆ ದಾಳದ ಅಂಕಿಗೆ 2 ಸೇರುತ್ತದೆ, ತಗ್ಗಿನಿಂದ ಬಿಟ್ಟರೆ 2 ಕಳೆಯುತ್ತದೆ. ಮದಕರಿ ನಾಯಕನ ಊರಿನವನಾದ ನಾನು ಹಳ್ಳದಲ್ಲಿ ನಿಂತು ಬಾಣ ಬಿಡುತ್ತಿದ್ದೆ. "ಬಾಗಿಲು ಹಿಡಿದು ನಿಲ್ಲು, ಒಬ್ಬೊಬ್ಬರೇ ಬರಲಿ" ಎಂದು ಮಗಳು ಹೇಳಿಕೊಟ್ಟಾಗಲಂತೂ ತಲೆ ತಗ್ಗಿಸಿದೆ. ಓಬವ್ವನ ಕಿಂಡಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ.

ಇವನ್ನೆಲ್ಲ ಕಲಿತೆ. ಕಲಿಯಲಾಗದ್ದು ಮದ್ದಿನ ಸೀಸೆಗಳ ವಿಷಯ. ದಾರಿಯಲ್ಲಿ ಸಿಕ್ಕ ಸೀಸೆಗಳನ್ನೆಲ್ಲ ಕಷ್ಟಕಾಲಕ್ಕೆ ಇರಲಿ ಎಂದು ಚೀಲಕ್ಕೆ ತುಂಬುತ್ತಿದ್ದೆ. ಮೈಯೆಲ್ಲ ಗಾಯವಾದಾಗಲೂ ಇದಕ್ಕಿಂತ ದೊಡ್ಡ ಕಷ್ಟ ಮುಂದಿರಬಹುದು ಎನ್ನಿಸುತ್ತಿತ್ತು. ಮೂರನೆಯ ಸಲ ಸತ್ತಾಗ ಮಗಳು ಚೀಲ ಬಿಚ್ಚಿ ಎಣಿಸಿದಳು: ಹದಿನೇಳು. ಮಂತ್ರಗಳ ಗತಿಯೂ ಅದೇ. ರಾತ್ರಿ ಬಿಡಾರದಲ್ಲಿ ಮಲಗಿದರೆ ಖರ್ಚಾದ ಮಂತ್ರಗಳು ಮರಳುತ್ತವೆ. ಅದಕ್ಕೆ ಆಟದ ಸಾಮಾನ್ಯ ಕಠಿಣತೆಯ ಹಂತದಲ್ಲಿ 40 ಅಂಕದಷ್ಟು ಊಟದ ಸಾಮಗ್ರಿ ಬೇಕು. ಊಟ ಮುಗಿದುಹೋದೀತೆಂದು ನಾನು ಮಲಗಿಸುತ್ತಲೇ ಇರಲಿಲ್ಲ.

"ಹೊಸ ಶರ್ಟನ್ನು ನಾಲ್ಕು ವರ್ಷದಿಂದ ಬೀರುವಿನಲ್ಲಿ ಇಟ್ಟವರು ಮದ್ದು ಕುಡಿಯುತ್ತಾರೆಯೇ?" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಆಟದ ಗಂಧವೂ ಇಲ್ಲದ ಅವಳಿಗೆ ಆಟಗಾರನ ಪರಿಚಯ ಚೆನ್ನಾಗಿತ್ತು.

ಮಗಳು ಹೊರಡುವ ಹಿಂದಿನ ರಾತ್ರಿ ಮನಸ್ಸು ಗಟ್ಟಿ ಮಾಡಿದೆ. ಸಂಗಾತಿಯೊಬ್ಬಳು ನೆಲಕ್ಕೆ ಬಿದ್ದಿದ್ದಳು. ಸೀಸೆಯನ್ನು ಎಸೆದರೂ ಅದು ಒಡೆದು ಮದ್ದು ಹತ್ತುತ್ತದೆ ಎಂಬುದು ನೆನಪಾಗಿ, ಇದ್ದುದರಲ್ಲೇ ದೊಡ್ಡ ಸೀಸೆಯನ್ನು ಆರಿಸಿ ಎಸೆದೆ. ಅವಳು ಎದ್ದು ಕುಳಿತಳು. ಮದ್ದು ಸಿಡಿದು, ಪಕ್ಕದಲ್ಲೇ ಸಾಯಲು ಸಿದ್ಧನಾಗಿ ನಿಂತಿದ್ದ ಗಾಬ್ಲಿನ್ ಕೂಡ ಚೇತರಿಸಿಕೊಂಡ.

"ಅಪ್ಪಾ, ಕೊಡುವುದೇ ಇಲ್ಲ, ಕೊಟ್ಟರೆ ಊರಿಗೆಲ್ಲ ಕೊಡುತ್ತೀಯಾ" ಎಂದು ಮಗಳು ಮಂಡಕ್ಕಿಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.