ಅಮೆರಿಕದ ಮಕ್ಕಳು ಸಾಕರ್ ಯಾಕೆ ಬಿಡುತ್ತಾರೆ

"ಅಮ್ಮಾ, ಬೇಜಾರು ಮಾಡ್ಕೋಬೇಡ. ನಾನು ಇನ್ಮೇಲೆ ಸಾಕರ್ ಆಡಲ್ಲ."

ಹೋದ ಬೇಸಿಗೆಯಲ್ಲಿ ಪ್ರಾಕ್ಟೀಸ್ ಮುಗಿಸಿ ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗ ಹೇಳಿದ ಮಾತು. ನಾಲ್ಕೂವರೆ ವಯಸ್ಸಿಗೆ ಆಡಲು ಶುರು ಮಾಡಿದವನು. ಏಳನೇ ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಬಿಟ್ಟ. ಕಾಲಿಗೆ ಏಟಾಗಿರಲಿಲ್ಲ. ಕೋಚ್ ಬೈದಿರಲಿಲ್ಲ. ಚೆನ್ನಾಗಿಯೇ ಆಡುತ್ತಿದ್ದ. ಶಾಲೆಯ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸೇರಬೇಕು ಅಂದ, ಅಷ್ಟೇ.

ನಾವಿರುವುದು ಟೆಕ್ಸಾಸಿನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕೆ. 2026ರ ಫುಟ್‌ಬಾಲ್ ವಿಶ್ವಕಪ್‌ನ 9 ಪಂದ್ಯಗಳನ್ನು ಇಲ್ಲೇ ಹತ್ತಿರದ ಆರ್ಲಿಂಗ್ಟನ್‌ಗೆ ಕೊಟ್ಟಿದ್ದಾರೆ. ಬೇರೆ ಯಾವ ಊರಿಗೂ ಅಷ್ಟು ಸಿಕ್ಕಿಲ್ಲ. ಹಾಸನದಲ್ಲಿರುವ ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ ಇದನ್ನೇ ಕೇಳುತ್ತಾನೆ. "ಅಕ್ಕಾ, ವಿಶ್ವಕಪ್ಪೇ ನಿಮ್ಮನೆ ಬಾಗಿಲಿಗೆ ಬಂದಿದೆ, ಇವನು ನೋಡಿದ್ರೆ ಬಿಟ್ಟೇ ಬಿಟ್ಟ. ಅಮೆರಿಕದ ಹುಡುಗರಿಗೆ ಫುಟ್‌ಬಾಲ್ ಕಂಡ್ರೆ ಯಾಕೆ ಆಗಲ್ಲ?" ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊರಿನವರಿಗೆ ಒಂದು ವಿವರಣೆ ಕೊಟ್ಟುಬಿಡುತ್ತೇನೆ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಇಲ್ಲಿ ಫುಟ್‌ಬಾಲ್ ಅಂತ ಹೆಸರು. ನಾವು ಫುಟ್‌ಬಾಲ್ ಅನ್ನುವುದು ಇಲ್ಲಿ ಸಾಕರ್. ಈ ಹೆಸರನ್ನು ಅಮೆರಿಕದವರು ಕಟ್ಟಿದ್ದಲ್ಲ. ಅದು ಇಂಗ್ಲೆಂಡಿನಲ್ಲೇ ಅಸೋಸಿಯೇಷನ್ ಎಂಬ ಪದದಿಂದ ಹುಟ್ಟಿದ್ದು.

ಇನ್ನು ತಮ್ಮನ ಪ್ರಶ್ನೆಗೆ ಬರುತ್ತೇನೆ. ಇಲ್ಲಿನ ಮಕ್ಕಳಿಗೆ ಸಾಕರ್ ಆಗಲ್ಲ ಅನ್ನುವುದೇ ತಪ್ಪು. ನಮ್ಮಂಥ ಬಡಾವಣೆಗಳಲ್ಲಿ ಬಹಳಷ್ಟು ಮಕ್ಕಳು ಟೀಮ್ ಕಟ್ಟಿಕೊಂಡು ಮೊದಲು ಆಡುವ ಆಟವೇ ಅದು. ಶನಿವಾರ ಬೆಳಿಗ್ಗೆ ಪಾರ್ಕಿಗೆ ಹೋಗಿ ನೋಡಿ. ಮೊಣಕಾಲವರೆಗೆ ಕಾಲುಚೀಲ ಎಳೆದುಕೊಂಡ ಪುಟಾಣಿಗಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿಗೆ ಮುತ್ತಿಕೊಂಡಿರುತ್ತವೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಟೊರೆನ್ಸ್‌ನಲ್ಲಿ ಶುರುವಾದ ಎವೈಎಸ್‌ಒ ಅನ್ನುವ ಮಕ್ಕಳ ಸಾಕರ್ ಸಂಸ್ಥೆ ಎಲ್ಲರೂ ಆಡಬೇಕು ಅಂತ ನಿಯಮವನ್ನೇ ಮಾಡಿತು. ಆಟ ಬಂದರೂ ಬರದಿದ್ದರೂ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಪಂದ್ಯ. ಎಷ್ಟು ಒಳ್ಳೆಯ ನಿಯಮ ಅಲ್ವಾ? ಅರ್ಧ ಆಟ ಮುಗಿದಾಗ ಯಾರಾದರೂ ಒಬ್ಬರ ಅಮ್ಮ ಕಿತ್ತಳೆ ತೊಳೆಗಳ ಡಬ್ಬಿ ತೆಗೆಯುತ್ತಿದ್ದರು. ಆ ಶನಿವಾರಗಳು ನನಗೆ ಈಗಲೂ ಇಷ್ಟ.

ಆದರೆ ಆ ಚಿತ್ರದಲ್ಲಿ ದೊಡ್ಡವರು ಎಷ್ಟು ಜನ ಇದ್ದರು ಅಂತ ಈಗ ಯೋಚಿಸುತ್ತೇನೆ. ಹೆಸರು ಬರೆಸಿದ್ದು ನಾವು. ಬೂಟು ಕೊಂಡಿದ್ದು, ಕಾರು ಓಡಿಸಿದ್ದು, ಗೆರೆಯಾಚೆ ಮಡಚುವ ಕುರ್ಚಿ ಹಾಕಿಕೊಂಡು "ಪಾಸ್ ಮಾಡು, ಪಾಸ್ ಮಾಡು" ಅಂತ ಕೂಗಿದ್ದು ಎಲ್ಲ ನಾವೇ. 1996ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಸಾಕರ್ ಮಾಮ್ ಅನ್ನುವ ಮಾತು ಪತ್ರಿಕೆಗಳಲ್ಲೆಲ್ಲ ಓಡಾಡಿತು. ಮಗುವನ್ನು ಆಟಕ್ಕೆ ಕರೆದುಕೊಂಡು ಹೋಗುವ ಅಮ್ಮನ ಹೆಸರು ಒಂದು ವರ್ಗದ ಮತದಾರರಿಗೇ ಹೆಸರಾಯಿತು. ಅಮ್ಮನನ್ನು ಬಿಟ್ಟು ಸಾಕರ್ ಇಲ್ಲ ಅನ್ನುವಷ್ಟು ಅವೆರಡೂ ಅಂಟಿಕೊಂಡಿವೆ.

ಹಾಸನದ ನಮ್ಮ ಬೀದಿಯ ಕ್ರಿಕೆಟ್ ನೆನಪಾಗುತ್ತದೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಮೂರು ಗೆರೆಯೇ ವಿಕೆಟ್ಟು. ಎದುರು ಮನೆ ಕಾಂಪೌಂಡಿಗೆ ಬಿದ್ದರೆ ಔಟು. ಆ ನಿಯಮ ಮಾಡಿದವರು ನಾವೇ. ಜಗಳ ಆಡಿ ಬಗೆಹರಿಸಿಕೊಂಡವರೂ ನಾವೇ. ಒಬ್ಬ ಅಪ್ಪನೂ ಅಲ್ಲಿ ಬಂದು ನಿಲ್ಲುತ್ತಿರಲಿಲ್ಲ. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಬೆಳೆದದ್ದೂ ಹೀಗೇ ಬೀದಿಯಲ್ಲಿ, ಕಡಲ ದಂಡೆಯಲ್ಲಿ. ಅಮೆರಿಕದಲ್ಲಿ ಆ ಜಾಗದಲ್ಲಿರುವುದು ಬ್ಯಾಸ್ಕೆಟ್‌ಬಾಲ್. ನಮ್ಮ ಬೀದಿಯಲ್ಲೇ ಐದಾರು ಮನೆಗಳ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ಹೂಪ್, ಅಂದರೆ ಚೆಂಡು ಹಾಕುವ ಬಳೆಯ ಕಂಬ, ನಿಂತಿದೆ. ಒಬ್ಬನೇ ಇದ್ದರೂ ಆಡಬಹುದು, ಇಬ್ಬರಾದರೆ ಪಂದ್ಯ. ಸಂಜೆ ಹೋಮ್‌ವರ್ಕ್ ಮುಗಿದ ಮೇಲೆ ಚೆಂಡು ಪುಟಿಯುವ ಸದ್ದು ಕೇಳಿದರೆ ನನ್ನ ಮಗ ಚಪ್ಪಲಿಯಲ್ಲೇ ಓಡುತ್ತಿದ್ದ. ಅದಕ್ಕೆ ಅವನಿಗೆ ನನ್ನ ಕಾರು ಬೇಕಿರಲಿಲ್ಲ. ಸಾಕರ್ ಚೆಂಡು ಇಟ್ಟುಕೊಂಡು ಹಾಗೆ ಬೀದಿಗೆ ಬಂದ ಹುಡುಗರನ್ನು ನಾನು ಇಲ್ಲಿ ಹನ್ನೊಂದು ವರ್ಷದಲ್ಲಿ ಕಂಡಿಲ್ಲ.

ಸಾಕರ್‌ನಲ್ಲಿ ಗೋಲು ಕಮ್ಮಿ, ಅದಕ್ಕೇ ಅಮೆರಿಕದವರಿಗೆ ಬೇಜಾರು ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಬೇಸ್‌ಬಾಲ್ ಪಂದ್ಯಗಳು ಗಂಟೆಗಟ್ಟಲೆ ನಡೆದು 2-1ಕ್ಕೆ ಮುಗಿಯುವುದೂ ಉಂಟು. ಸಾಕರ್ ಹೊರದೇಶದ ಆಟ ಅನ್ನುವ ವಾದವೂ ನಿಲ್ಲಲ್ಲ. 1869ರ ನವೆಂಬರ್ 6ರಂದು ನ್ಯೂ ಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ ಪಂದ್ಯವನ್ನು ಇಲ್ಲಿ ಕಾಲೇಜು ಫುಟ್‌ಬಾಲ್‌ನ ಮೊದಲ ಪಂದ್ಯ ಅನ್ನುತ್ತಾರೆ. ಅವತ್ತು ಒಂದೊಂದು ಕಡೆ 25 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಹಾಗಿರಲಿಲ್ಲ. ಅಂದರೆ ಅದು ಈಗಿನ ಸಾಕರ್‌ಗೇ ಹತ್ತಿರದ ಆಟ! 1874ರಲ್ಲಿ ಹಾರ್ವರ್ಡ್ ಹುಡುಗರು ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಜೊತೆ ರಗ್ಬಿ ರೀತಿಯಲ್ಲಿ ಆಡಿದರು. ಹಿಡಿದು ಓಡುವ ಆಟ ಅವರಿಗೆ ಹಿಡಿಸಿತು. ಎರಡೇ ವರ್ಷದಲ್ಲಿ ಉಳಿದ ದೊಡ್ಡ ಕಾಲೇಜುಗಳೂ ಆ ಕಡೆ ವಾಲಿದವು. ಕಾಲೇಜು ಆಡಿದ್ದನ್ನು ಹೈಸ್ಕೂಲುಗಳು ಆಡಿದವು. ಬ್ಯಾಸ್ಕೆಟ್‌ಬಾಲ್ ಕೂಡ ಅಷ್ಟೇ. 1891ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರನ್ನು ಒಳಗೆ ಆಡಿಸೋಕೆ ಹಣ್ಣಿನ ಬುಟ್ಟಿ ಕಟ್ಟಿ ಶುರು ಮಾಡಿದ್ದು. ಈ ದೇಶದಲ್ಲಿ ಶಾಲೆ ಕಾಲೇಜು ಯಾವ ಆಟವನ್ನು ತನ್ನದು ಅಂದುಕೊಂಡಿತೋ ಅದು ಮಕ್ಕಳ ಆಟವೂ ಆಯಿತು. ಸಾಕರ್ ಆ ಬಾಗಿಲಿನ ಒಳಗೆ ಬಂದದ್ದು ಬಹಳ ತಡವಾಗಿ.

ಟೆಕ್ಸಾಸಿನಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ನಮ್ಮ ಹತ್ತಿರದ ಆಲೆನ್ ಊರಿನ ಹೈಸ್ಕೂಲಿಗೆ 2012ರಲ್ಲಿ 6 ಕೋಟಿ ಡಾಲರ್ ಖರ್ಚಿನಲ್ಲಿ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದರು. 18,000 ಸೀಟು! ಒಂದು ಹೈಸ್ಕೂಲಿಗೆ! ಫ್ರಿಸ್ಕೋದಲ್ಲಂತೂ ಡಲ್ಲಾಸ್ ಕೌಬಾಯ್ಸ್ ಅನ್ನುವ ವೃತ್ತಿಪರ ಫುಟ್‌ಬಾಲ್ ತಂಡ ಪ್ರಾಕ್ಟೀಸ್ ಮಾಡುವ 12,000 ಸೀಟಿನ ಒಳಾಂಗಣದಲ್ಲೇ ಶಾಲೆಗಳ ಪಂದ್ಯ ನಡೆಯುತ್ತದೆ. ಅದೇ ಫ್ರಿಸ್ಕೋದಲ್ಲಿ ಎಫ್‌ಸಿ ಡಲ್ಲಾಸ್ ತಂಡದ ಸಾಕರ್ ಸ್ಟೇಡಿಯಂ ಇದೆ, ರಾಷ್ಟ್ರೀಯ ಸಾಕರ್ ಹಾಲ್ ಆಫ್ ಫೇಮ್ ಕೂಡ ಇದೆ. ಆದರೂ ಶುಕ್ರವಾರ ರಾತ್ರಿ ಇಡೀ ಊರು ಹೋಗುವುದು ಶಾಲೆಯ ಫುಟ್‌ಬಾಲ್‌ಗೆ. ಬ್ಯಾಂಡಿನ ಹುಡುಗರು, ಕುಣಿಯುವ ಹುಡುಗಿಯರು, ಪಾಪ್‌ಕಾರ್ನ್ ಮಾರುವ ಅಪ್ಪಂದಿರು, ಹಳೇ ವಿದ್ಯಾರ್ಥಿಗಳು, ಎಲ್ಲರಿಗೂ ಅಲ್ಲೊಂದು ಕೆಲಸ ಇರುತ್ತದೆ. ನಮ್ಮ ಕಡೆಯ ಜಾತ್ರೆ ಇದ್ದ ಹಾಗೆ. ದೇಶದಲ್ಲಿ ಸುಮಾರು 10 ಲಕ್ಷ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಸಾಕರ್ ಆಡುವ ಹುಡುಗರು ಅದರ ಅರ್ಧಕ್ಕಿಂತ ಕಡಿಮೆ.

ಏಳನೇ ಕ್ಲಾಸಿಗೆ ಬಂದರೆ ಇಲ್ಲಿ ಅಥ್ಲೆಟಿಕ್ಸ್ ಅನ್ನುವುದು ಶಾಲೆಯ ಟೈಮ್‌ಟೇಬಲ್ಲಿನಲ್ಲೇ ಒಂದು ಪೀರಿಯಡ್. ಗಣಿತ, ವಿಜ್ಞಾನ ಇದ್ದ ಹಾಗೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಓಟ ಇವೆಲ್ಲ ಅದರಲ್ಲಿ ಬರುತ್ತವೆ. ಬಸ್ಸು ಶಾಲೆಯದು, ಜರ್ಸಿ ಶಾಲೆಯದು. ಪಂದ್ಯದ ದಿನ ಹುಡುಗರು ಜರ್ಸಿ ಹಾಕಿಕೊಂಡೇ ಕ್ಲಾಸಿಗೆ ಹೋಗುತ್ತಾರೆ. ನಮ್ಮ ಮಗನ ಶಾಲೆಯ ಪಟ್ಟಿಯಲ್ಲಿ ಸಾಕರ್ ಇಲ್ಲ. ಸುಮಾರು ಎಂಟು ವರ್ಷ ಆಡಿದ ಆಟಕ್ಕೆ ಅವನ ಸ್ವಂತ ಶಾಲೆಯಲ್ಲಿ ಜಾಗ ಇಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಬೇಕಾದ್ದು ಏನು? ಗೆಳೆಯರ ಜೊತೆ ಇರಬೇಕು, ಗೆಳೆಯರ ಕಣ್ಣ ಮುಂದೆ ಆಡಬೇಕು. ನಲವತ್ತು ಮೈಲಿ ದೂರದ ಯಾವುದೋ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನು ಹಾಕಿದ ಗೋಲನ್ನು ನೋಡಿದ್ದು ನಾನು ಮತ್ತು ಅವರಪ್ಪ. ಸೋಮವಾರ ಅವನ ಕ್ಲಾಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಅವನನ್ನು ಗೆಳೆಯರಿಂದ ಬೇರೆ ಮಾಡಿದ್ದು ಇನ್ನೊಂದಿದೆ. ಇದನ್ನು ಹೊರಗಿನವರು ಯಾರೂ ಮಾತಾಡಲ್ಲ. 2016-17ರ ಹೊತ್ತಿಗೆ ಸಾಕರ್ ಟೀಮುಗಳನ್ನು ಶಾಲೆಯ ವರ್ಷದ ಬದಲು ಹುಟ್ಟಿದ ಇಸವಿಯ ಪ್ರಕಾರ ಮಾಡಿದರು, ಜನವರಿಯಿಂದ ಡಿಸೆಂಬರ್‌ವರೆಗೆ. ನನ್ನ ಮಗ ಹುಟ್ಟಿದ್ದು ನವೆಂಬರ್‌ನಲ್ಲಿ. ಹಾಗಾಗಿ ಅವನ ಕ್ಲಾಸಿನ ಹುಡುಗರೆಲ್ಲ ಒಂದು ಟೀಮು, ಇವನು ಮೇಲಿನ ಕ್ಲಾಸಿನವರ ಜೊತೆ. ಪ್ರತಿ ವರ್ಷ "ನಾನ್ಯಾಕೆ ಅವರ ಜೊತೆ ಆಡಬಾರದು" ಅಂತ ಕೇಳುತ್ತಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ 2026-27ರ ಸೀಸನ್‌ನಿಂದ ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ಹೋಗುತ್ತಿದ್ದಾರೆ, ಒಂದು ಕ್ಲಾಸಿನ ಮಕ್ಕಳು ಬಹುಮಟ್ಟಿಗೆ ಒಂದೇ ಟೀಮಿಗೆ ಬರುತ್ತಾರೆ. ಒಳ್ಳೆಯದೇ. ನಮ್ಮ ಮನೆಗೆ ತಡವಾಯಿತು.

ಇನ್ನು ದುಡ್ಡು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಮೊದಲ ಕೆಲವು ವರ್ಷ ಖರ್ಚು ಹೆಚ್ಚಿಲ್ಲ. ಎಂಟು ಒಂಬತ್ತು ವಯಸ್ಸಿಗೆ ಟ್ರೈಔಟ್ ಅಂತ ಆಯ್ಕೆ ಪರೀಕ್ಷೆ ಶುರುವಾಗುತ್ತದೆ. ಅಲ್ಲಿಂದ ಕ್ಲಬ್. ನಾವು ಸೇರಿಸಿದ್ದ ಕ್ಲಬ್ಬಿಗೆ ವರ್ಷಕ್ಕೆ 2,400 ಡಾಲರ್, ನಮ್ಮ ಲೆಕ್ಕದಲ್ಲಿ 2 ಲಕ್ಷದ ಮೇಲೆ. ಬಟ್ಟೆಗೆ ಬೇರೆ. ಹ್ಯೂಸ್ಟನ್‌ಗೋ ಒಕ್ಲಹೋಮಕ್ಕೋ ಪಂದ್ಯಕ್ಕೆ ಹೋದರೆ ಹೋಟೆಲಿಗೆ ಬೇರೆ. ಎ ಟೀಮಿನ ಮಕ್ಕಳಿಗೂ ಸಿ ಟೀಮಿನ ಮಕ್ಕಳಿಗೂ ಫೀಸು ಹೆಚ್ಚು ಕಡಿಮೆ ಒಂದೇ. ನಮಗೆ ಅದನ್ನು ಕೊಡುವ ಶಕ್ತಿ ಇತ್ತು, ಕೊಟ್ಟೆವು. ಆದರೆ ಅಷ್ಟು ಕೊಟ್ಟ ಮೇಲೆ ಆಟ ಮಗುವಿನದಾಗಿ ಉಳಿಯಲ್ಲ. ಪ್ರಾಕ್ಟೀಸ್ ತಪ್ಪಿಸಿದರೆ "ಎಷ್ಟು ದುಡ್ಡು ಕಟ್ಟಿದ್ದೀವಿ ಗೊತ್ತಾ" ಅನ್ನುವ ಮಾತು ನನ್ನ ಬಾಯಿಂದಲೇ ಬಂದಿದೆ. ಆ ಮಾತು ಆಡಬಾರದಿತ್ತು.

ಯೂರೋಪಿನಲ್ಲಿ ದೊಡ್ಡ ಕ್ಲಬ್ಬುಗಳು ಮಕ್ಕಳನ್ನು ಉಚಿತವಾಗಿ ಬೆಳೆಸುತ್ತವೆ. ಮುಂದೆ ಆ ಹುಡುಗ ದೊಡ್ಡ ಮೊತ್ತಕ್ಕೆ ಬೇರೆ ಕ್ಲಬ್ಬಿಗೆ ಹೋದರೆ ಅವರಿಗೆ ದುಡ್ಡು ಬರುತ್ತದೆ. 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಆ ಮೊತ್ತದಲ್ಲಿ ನೂರಕ್ಕೆ 5 ಭಾಗ ಹೋಗಬೇಕು ಅಂತ ಫಿಫಾ ನಿಯಮ ಇದೆ. ಅಮೆರಿಕದ ಮಕ್ಕಳ ಕ್ಲಬ್ಬುಗಳಿಗೆ ಬಹಳ ಕಾಲ ಅದು ಸಿಗುತ್ತಲೇ ಇರಲಿಲ್ಲ. ಹಾಗಾಗಿ ಹೊರೆ ಪೂರ್ತಿ ಅಪ್ಪ ಅಮ್ಮನ ಮೇಲೆ. ಈಗ ಇಲ್ಲಿನ ವೃತ್ತಿಪರ ಕ್ಲಬ್ಬುಗಳ ಅಕಾಡೆಮಿಗಳಲ್ಲಿ ದುಡ್ಡಿಲ್ಲದೆ ಕಲಿಯಬಹುದು, ಆದರೆ ಅಲ್ಲಿರುವುದು ಬೆರಳೆಣಿಕೆಯ ಸೀಟು.

ಕ್ಲಿಂಟ್ ಡೆಂಪ್ಸಿಯ ಕಥೆ ಟೆಕ್ಸಾಸಿನವರಿಗೆಲ್ಲ ಗೊತ್ತು. ಅಮೆರಿಕದ ತಂಡಕ್ಕೆ 57 ಗೋಲು ಹೊಡೆದವರು. ಬೆಳೆದದ್ದು ನ್ಯಾಕಡೋಚಸ್ ಅನ್ನುವ ಸಣ್ಣ ಊರಿನಲ್ಲಿ, ಮೆಕ್ಸಿಕನ್ ವಲಸೆಗಾರರ ಮಕ್ಕಳ ಜೊತೆ ಆಡಿಕೊಂಡು. ಕ್ಲಬ್ಬಿನಲ್ಲಿ ಆಡಿಸೋಕೆ ಅವರ ಅಪ್ಪ ಅಮ್ಮ ಗಂಟೆಗಟ್ಟಲೆ ಕಾರು ಓಡಿಸಿ ಡಲ್ಲಾಸ್‌ಗೆ ಬರುತ್ತಿದ್ದರು. ಅಕ್ಕನ ಟೆನಿಸ್ ಖರ್ಚೂ ಸೇರಿ ಮನೆಗೆ ಭಾರವಾದಾಗ ಇವರ ಆಟವನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಅಂಥ ಪ್ರತಿಭೆಯೇ ದುಡ್ಡಿನ ಬಾಗಿಲಲ್ಲಿ ನಿಂತು ಕಾಯಬೇಕಾಯಿತು. ವೆಸ್ಟನ್ ಮೆಕೆನಿ ನಮ್ಮ ಪಕ್ಕದ ಲಿಟ್ಲ್ ಎಲ್ಮ್ ಊರಿನವರು, ಇಟಲಿಯ ದೊಡ್ಡ ಕ್ಲಬ್ಬಾದ ಯುವೆಂಟಸ್‌ವರೆಗೆ ಹೋದವರು. ಅವರು ಚೆಂಡು ಒದೆಯಲು ಕಲಿತದ್ದು ಜರ್ಮನಿಯಲ್ಲಿ. ಅಪ್ಪ ಅಮೆರಿಕದ ವಾಯುಪಡೆಯಲ್ಲಿದ್ದರು, ಮಗ ಅಲ್ಲಿನ ಒಂದು ಹಳ್ಳಿಯ ಕ್ಲಬ್ಬಿಗೆ ಸೇರಿದ.

ಹುಡುಗಿಯರ ಕಥೆ ಬೇರೆ. ಶಾಲೆ ಕಾಲೇಜು ತನ್ನದು ಅಂದುಕೊಂಡ ಆಟವೇ ಇಲ್ಲಿ ಬೆಳೆಯುತ್ತದೆ ಅನ್ನುವ ನನ್ನ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣುಮಕ್ಕಳಿಗೂ ಸಮಾನ ಅವಕಾಶ ಕೊಡಲೇಬೇಕಾಯಿತು. ಕಾಲೇಜುಗಳು ಹುಡುಗಿಯರಿಗೆ ಸಾಕರ್ ತಂಡ ಕಟ್ಟಿದವು, ಸ್ಕಾಲರ್‌ಶಿಪ್ ಕೊಟ್ಟವು. 1991, 1999, 2015, 2019, ನಾಲ್ಕು ಸಲ ಅಮೆರಿಕದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದರು. 1999ರ ಫೈನಲ್ ನೋಡಲು ಪ್ಯಾಸಡೀನಾದ ರೋಸ್ ಬೌಲ್‌ಗೆ 90,000ಕ್ಕಿಂತ ಹೆಚ್ಚು ಜನ ಬಂದಿದ್ದರು. ಗಂಡಸರ ತಂಡಕ್ಕೆ 2018ರ ವಿಶ್ವಕಪ್‌ನಲ್ಲಿ ಜಾಗವೂ ಸಿಗಲಿಲ್ಲ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ಹುಡುಗಿಯರ ಸಾಕರ್ ತಂಡ ಇದೆ, ಅದೇ ಮಟ್ಟದ ಹುಡುಗರ ತಂಡ ಇಲ್ಲ. 2025ರಲ್ಲಿ ನಿಯಮ ಬದಲಾಗುವವರೆಗೆ ದೊಡ್ಡ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ 85 ಸ್ಕಾಲರ್‌ಶಿಪ್ ಇದ್ದರೆ ಹುಡುಗಿಯರ ಸಾಕರ್‌ಗೆ 14, ಹುಡುಗರ ಸಾಕರ್‌ಗೆ ಹತ್ತಕ್ಕಿಂತ ಕಡಿಮೆ. ಹುಡುಗರಿಗೆ ಇಷ್ಟು ಕಡಿಮೆ ಸಿಕ್ಕಿದ್ದಕ್ಕೆ ಹೆಣ್ಣುಮಕ್ಕಳ ಕಾನೂನನ್ನು ದೂರುವವರಿದ್ದಾರೆ. ಅದು ಅನ್ಯಾಯದ ಮಾತು. 85 ಸೀಟನ್ನು ಒಂದೇ ಆಟಕ್ಕೆ ಬರೆದುಕೊಟ್ಟವರು ಯಾರು?

ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಭಾನುವಾರ ಮಧ್ಯಾಹ್ನ ಮೆಕ್ಸಿಕೋ, ಹೊಂಡುರಾಸ್ ಕಡೆಯ ಕುಟುಂಬಗಳು ಸೇರುತ್ತವೆ. ದೊಡ್ಡವರು ಒಂದು ಮೈದಾನದಲ್ಲಿ ಪಂದ್ಯ ಆಡುತ್ತಾರೆ. ಒಲೆ ಹಚ್ಚಿ ಮಾಂಸ ಸುಡುತ್ತಿರುತ್ತಾರೆ, ಹಾಡು ಜೋರಾಗಿರುತ್ತದೆ. ಗೋಲಿನ ಹಿಂದೆ ಮಕ್ಕಳು ಎರಡು ಬ್ಯಾಗ್ ಇಟ್ಟುಕೊಂಡು ತಮ್ಮದೇ ಪಂದ್ಯ ಆಡುತ್ತಾರೆ. ಆರು ವರ್ಷದವರೂ ಹದಿನಾಲ್ಕರವರೂ ಒಟ್ಟಿಗೆ. ನಮ್ಮ ಹಾಸನದ ಬೀದಿಯೇ ಅದು. ಆ ಮಕ್ಕಳ ಕಾಲಿನಲ್ಲಿ ಚೆಂಡು ಹೇಳಿದ ಮಾತು ಕೇಳುತ್ತದೆ. ಅವರಲ್ಲಿ ಒಬ್ಬನನ್ನೂ ನಾನು ನಮ್ಮ ಕ್ಲಬ್ಬಿನಲ್ಲಿ ನೋಡಲಿಲ್ಲ. ಹೋದ ತಿಂಗಳು ನನ್ನ ಮಗ ಬ್ಯಾಸ್ಕೆಟ್‌ಬಾಲ್ ಮುಗಿಸಿ ಬರುವಾಗ ಅಲ್ಲಿ ನಿಂತ. ಒಬ್ಬ ಕೈ ಮಾಡಿ ಕರೆದ. ಇವನು ಒಳಗೆ ಹೋದವನು ಕತ್ತಲಾಗುವವರೆಗೂ ಬರಲಿಲ್ಲ.

ಅವತ್ತು ಕಾರಿನಲ್ಲಿ ಕೂತು ನಾನು ಒಂದು ತೀರ್ಮಾನ ಮಾಡಿದೆ. ಮಗ ಓದುವ ಮಿಡ್ಲ್ ಸ್ಕೂಲಿನಲ್ಲಿ ಸಾಕರ್ ಶುರು ಮಾಡಿ ಅಂತ ಕೇಳಬೇಕು. ಫೀಸಿಲ್ಲದೆ, ಶಾಲೆಯ ಬಸ್ಸಿನಲ್ಲಿ, ಶಾಲೆಯ ಜರ್ಸಿಯಲ್ಲಿ. ಆ ಪಾರ್ಕಿನ ಮಕ್ಕಳಲ್ಲಿ ಮೂವರು ಅದೇ ಶಾಲೆಯವರು ಅಂತ ಮಗ ಹೇಳಿದ. ಮುಂದಿನ ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಮೂರು ನಿಮಿಷ ಮಾತಾಡೋಕೆ ಹೆಸರು ಬರೆಸಿದ್ದೇನೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಕನ್ನಡದವರೇ, ನಿಮ್ಮ ಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಸಾಕರ್ ತಂಡ ಇದ್ದರೆ ಅದು ಹೇಗೆ ಶುರುವಾಯಿತು, ಯಾರನ್ನು ಕೇಳಿದಿರಿ, ಎಷ್ಟು ಖರ್ಚಾಯಿತು ಅಂತ ಕೆಳಗೆ ಬರೆಯಿರಿ. ನನಗೆ ಆ ವಿವರಗಳು ಬೇಕು.