ದ್ರಾಕ್ಷಿ ಹಿಪ್ಪೆಗೆ ಬೂಷ್ಟಿನ ವಿಷ ಹಿಡಿಯೋಕೆ ಬರುತ್ತೆ, ಆದ್ರೆ...

ಹಿಂಡಿಗೆ ಬೂಷ್ಟು ಬಂದರೆ ಕೊಡವಿ, ಬೇಯಿಸಿ ದನಕ್ಕೆ ಹಾಕಿದರಾಯ್ತು ಅನ್ನುವವರು ಇನ್ನೂ ಇದ್ದಾರೆ. ಬೂಷ್ಟೇನೋ ಸಾಯುತ್ತದೆ. ಅದು ಬಿಟ್ಟ ಅಫ್ಲಾಟಾಕ್ಸಿನ್ ಮಾತ್ರ ಅಡುಗೆಯ ಬಿಸಿಗೆಲ್ಲ ಜಗ್ಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತಾಗ ಕಾರಣ ಸಿಕ್ಕಿದ್ದು ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ, ಅಲ್ಲಿಂದಲೇ ಈ ವಿಷದ ಪರಿಚಯ ಶುರುವಾಯಿತು. ಹಸು ತಿಂದರೆ ಅದರಲ್ಲಿ ಸ್ವಲ್ಪ ಭಾಗ ಎಂ1 ಅನ್ನುವ ರೂಪದಲ್ಲಿ ಹಾಲಿಗೂ ಬರುತ್ತದೆ. ಹಾಲು ಕಾಯಿಸಿದರೂ ಹೋಗಲ್ಲ.

ವಿಷವನ್ನು ಹೊಟ್ಟೆಯೊಳಗೇ ಹಿಡಿದುಕೊಳ್ಳಲಿ ಅಂತ ಮೇವಿಗೆ ಬೆರೆಸುವ ಪುಡಿಗಳಲ್ಲಿ ಸದ್ಯಕ್ಕೆ ಜಾಸ್ತಿ ಬಳಕೆಯಲ್ಲಿರುವುದು ಬೆಂಟೊನೈಟ್ ಎಂಬ ಜೇಡಿಮಣ್ಣು. ಅಫ್ಲಾಟಾಕ್ಸಿನ್ ಅಣು ಚಪ್ಪಟೆ, ಮಣ್ಣಿನ ಪದರಗಳ ನಡುವೆ ಸಲೀಸಾಗಿ ಹೊಕ್ಕು ಕೂರುತ್ತದೆ, ಕೊನೆಗೆ ಸಗಣಿಯ ಜೊತೆ ಹೊರಗೆ ಹೋಗುತ್ತದೆ. ಆದರೆ ಹಂದಿಗಳ ಗರ್ಭ ಕಟ್ಟುವುದನ್ನೇ ಕೆಡಿಸುವ ಜೀರಲೆನೋನ್ ಎಂಬ ಇನ್ನೊಂದು ಬೂಷ್ಟಿನ ವಿಷ ಇದೆಯಲ್ಲ, ಅದರ ಮುಂದೆ ಈ ಮಣ್ಣಿನ ಆಟ ಅಷ್ಟಾಗಿ ನಡೆಯುವುದಿಲ್ಲ.

ಕೃಷಿ ತ್ಯಾಜ್ಯದ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಇಲ್ಲೇ. ರಸ ತೆಗೆದ ಮೇಲೆ ಉಳಿಯುವ ದ್ರಾಕ್ಷಿ ಹಿಪ್ಪೆಯನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿ ಲ್ಯಾಬಿನಲ್ಲಿ ನೋಡಿದಾಗ ಅಫ್ಲಾಟಾಕ್ಸಿನ್ ಜೊತೆಗೆ ಜೀರಲೆನೋನ್, ಆಕ್ರಾಟಾಕ್ಸಿನ್ ಎಂಬ ಮತ್ತೊಂದು ಬೂಷ್ಟಿನ ವಿಷ ಕೂಡ ಅದಕ್ಕೆ ಅಂಟಿಕೊಂಡಿವೆ. ಸಿಪ್ಪೆಯಲ್ಲಿರುವ ನಾರು, ಲಿಗ್ನಿನ್, ಒಗರಿನ ಪಾಲಿಫಿನಾಲ್‌ಗಳ ಕೆಲಸ ಅದು. ಬಾಳೆಹಣ್ಣಿನ ಸಿಪ್ಪೆ, ಬಾದಾಮಿ ಹೊಟ್ಟು, ಆಲಿವ್ ಹಿಪ್ಪೆಯನ್ನೂ ಪರೀಕ್ಷೆ ಮಾಡಿದ್ದಾರೆ. ಡಾನ್ (ಡಿಆಕ್ಸಿನಿವಾಲೆನಾಲ್) ಅನ್ನುವ ಇನ್ನೊಂದು ಬೂಷ್ಟಿನ ವಿಷ ಮಾತ್ರ ಮಣ್ಣಿಗೂ ಸರಿಯಾಗಿ ಸಿಗಲ್ಲ, ಹಿಪ್ಪೆಗೂ ಸಿಗಲ್ಲ. ಹಾಗಾಗಿ "ಎಲ್ಲಾ ವಿಷಕ್ಕೂ ಒಂದೇ ಪುಡಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು "ತ್ಯಾಜ್ಯ ಅಲ್ವಾ, ಪುಕ್ಕಟೆ" ಅನ್ನುವ ಮಾತು. ನನಗೆ ಕಿರಿಕಿರಿ ಆಗುವುದೇ ಇದರಿಂದ. ಹಸಿ ಹಿಪ್ಪೆಯನ್ನು ಸುಮ್ನೆ ರಾಶಿ ಹಾಕಿ ಬಿಟ್ಟರೆ ಕೆಲವೇ ದಿನಕ್ಕೆ ಅದಕ್ಕೇ ಬೂಷ್ಟು ಬರುತ್ತದೆ, ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ! ಬೇಗ ಒಣಗಿಸಬೇಕು, ಅರೆಯಬೇಕು, ತೋಟದಲ್ಲಿ ಹೊಡೆದ ಔಷಧಿ ಸಿಪ್ಪೆಯಲ್ಲಿ ಉಳಿದಿದೆಯಾ ಅಂತ ನೋಡಬೇಕು. ಎಲ್ಲಕ್ಕೂ ಖರ್ಚಿದೆ. ಜಾಸ್ತಿ ಬೆರೆಸಿದರೆ ಒಗರು ಮೇವಿನ ಪ್ರೋಟೀನನ್ನೂ ಹಿಡಿದುಕೊಳ್ಳುತ್ತದೆ, ಕೋಳಿಮರಿಗಳಿಗೆ ಅಷ್ಟು ನಾರು ಆಗಿಬರುವುದೂ ಇಲ್ಲ.

ಇಷ್ಟಾದರೂ ನಾನು ಇದರ ಪರವೇ. ಕಣ್ಣಿಗೆ ಕಾಣದ ಅಲ್ಪಸ್ವಲ್ಪ ವಿಷಕ್ಕೆ ಇದು ಒಳ್ಳೇ ದಾರಿ. ಕಣ್ಣೆದುರೇ ಹಸಿರು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ದಾಟಿಸುವುದಕ್ಕಲ್ಲ. ಲ್ಯಾಬಿನ ನಳಿಕೆಯಲ್ಲಿ ಅಂಟಿಕೊಂಡಿದ್ದು ಜಠರದ ಆಮ್ಲ ದಾಟಿ ಕರುಳಿಗೆ ಹೋದ ಮೇಲೂ ಬಿಡದೆ ಕೂರುತ್ತದಾ ಅನ್ನುವುದು ಬೇರೆಯೇ ಪರೀಕ್ಷೆ. ಇಂಥ ಪುಡಿ ಮಾರಲು ಬಂದವರು ಲ್ಯಾಬಿನ ಶೇಕಡಾ ಲೆಕ್ಕ ತೋರಿಸಿದರೆ ನಾನು ಒಂದೇ ಕೇಳುತ್ತೇನೆ: ಹಸುವಿಗೆ ತಿನ್ನಿಸಿ ನೋಡಿದ್ದೀರಾ, ಹಾಲಿನಲ್ಲಿ ಎಂ1 ಎಷ್ಟು ಇಳಿಯಿತು?