ಬರೀ ಕಪ್ಪು ನೋಡೋಕೆ ಎರಡು ಲಕ್ಷ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗ್ ಬರುವವರ ಮಾತು ಬದಲಾಗಿದೆ. ಮೊದಲೆಲ್ಲ ಷುಗರ್ ಎಷ್ಟು, ಬಿಪಿ ಎಷ್ಟು ಅಂತ ವಿಚಾರಿಸಿಕೊಳ್ಳುತ್ತಿದ್ದರು. ಈಗ ನಿಟ್ಸ್ ಎಷ್ಟು ಅಂತ ಕೇಳುತ್ತಾರೆ. “ನಮ್ದು ಸಾವಿರದ ಐನೂರು ಸಾರ್” ಅಂತ ಒಬ್ಬರು ಹೇಳಿದರೆ, ಪಕ್ಕದಲ್ಲಿದ್ದ ಎಂಟುನೂರರ ಆಸಾಮಿ ಶೂ ಲೇಸ್ ಕಟ್ಟುವ ನೆಪದಲ್ಲಿ ಹಿಂದೆ ಉಳಿಯುತ್ತಾರೆ. ನಿಟ್ಸ್ ಅಂದರೆ ಟಿವಿ ಪರದೆಯ ಬೆಳಕಿನ ಅಳತೆ. ಅದು ಜಾಸ್ತಿ ಇದ್ದಷ್ಟೂ ಮನುಷ್ಯನ ತೂಕ ಜಾಸ್ತಿ.

ದಸರಾ ಹತ್ತಿರ ಬಂದರೆ ಮೈಸೂರಿನಲ್ಲಿ ಈ ಜ್ವರ ಏರುತ್ತದೆ. 2025ರಲ್ಲಂತೂ ಸರ್ಕಾರವೇ ಮುಹೂರ್ತ ಇಟ್ಟುಕೊಟ್ಟಿತು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು ಸೆಪ್ಟೆಂಬರ್ 22ಕ್ಕೆ, ಸರಿಯಾಗಿ ನವರಾತ್ರಿಯ ಮೊದಲ ದಿನ. ಉಳಿದ ದುಡ್ಡನ್ನು ಜನ ಏನು ಮಾಡಿದರು? 55 ಇಂಚಿನದು ತರಲು ಹೋದವರು ಕೈಯಿಂದ ಇನ್ನೊಂದಿಷ್ಟು ಹಾಕಿ 65 ಇಂಚಿನದು ತಂದರು. ಸರಸ್ವತಿಪುರಂನ ಹಳೇ ಮನೆಗಳ ಹಾಲ್ ಎಷ್ಟಿರುತ್ತೆ ಅಂತ ನಿಮಗೆ ಗೊತ್ತಲ್ವಾ? ಗೋಡೆಯ ಮೇಲಿದ್ದ ಚಾಮುಂಡೇಶ್ವರಿ ಫೋಟೋಗೆ ಅಡುಗೆಮನೆಗೆ ವರ್ಗವಾಯಿತು. ಗೊಂಬೆ ಕೂರಿಸುತ್ತಿದ್ದ ಜಾಗ ಟಿವಿ ಸ್ಟ್ಯಾಂಡಿಗೆ ಹೋಯಿತು. ಒಂದು ಮನೆಯವರು ಅದಕ್ಕೂ ಪರಿಹಾರ ಕಂಡುಕೊಂಡರು. ಹಿಂದಿನ ವರ್ಷದ ಪಟ್ಟದ ಗೊಂಬೆಗಳ ಫೋಟೋವನ್ನೇ ಟಿವಿಯಲ್ಲಿ ಹಾಕಿ ಆರತಿ ಎತ್ತಿದರು. ನೋಡಲು ಬಂದ ಮಕ್ಕಳಿಗೆ ಪುಣ್ಯಕ್ಕೆ ಚರಪು ಮಾತ್ರ ನಿಜವಾದದ್ದೇ ಸಿಕ್ಕಿತು.

ನಮ್ಮ ಬೀದಿಯಲ್ಲಿ ಈಗ ಎರಡು ಬಣ. ನಿವೃತ್ತ ಇಂಜಿನಿಯರ್ ಒಬ್ಬರು ಓಎಲ್‌ಇಡಿ ಬಣದ ಮುಖಂಡರು. ಎದುರು ಮನೆ ಮೇಷ್ಟ್ರು ಕ್ಯೂಎಲ್‌ಇಡಿ. ಕಾಂಪೌಂಡ್ ಗೋಡೆಯ ಎರಡೂ ಕಡೆ ನಿಂತು ಇಬ್ಬರೂ ವಾದ ಮಾಡುತ್ತಾರೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುತ್ತದೆ, ಬೇಡ ಅಂದರೆ ತಾನೇ ಆರುತ್ತದೆ. ಕ್ಯೂಎಲ್‌ಇಡಿ ಅಂದರೆ ಹಳೇ ಎಲ್‌ಸಿಡಿಯೇ. ಹಿಂದೆ ದೀಪ, ಮಧ್ಯೆ ಬಣ್ಣ ತಿದ್ದುವ ಕ್ವಾಂಟಮ್ ಡಾಟ್ ಪದರ. ಹಿಂದಿನ ದೀಪ ಪೂರ್ತಿ ಆರದ ಕಾರಣ ಕಪ್ಪು ಸ್ವಲ್ಪ ಬೂದುಬೂದಾಗಿ ಕಾಣುತ್ತದೆ. ಇಂಜಿನಿಯರ್ರಿಗೆ ಈ ಬೂದು ಕಂಡರೆ ಆಗುವುದಿಲ್ಲ. ಹೊಸ ಟಿವಿ ಬಂದ ದಿನ ಬೀದಿಯವರನ್ನೆಲ್ಲ ಕರೆದರು, ಕಿಟಕಿ ಪರದೆ ಎಳೆದರು, ಲೈಟ್ ಆರಿಸಿದರು.

“ನೋಡಿ ಸಾರ್, ಕಪ್ಪು! ಹೇಗಿದೆ?”

“ಏನೂ ಕಾಣ್ತಿಲ್ವಲ್ಲ ಸಾರ್.”

“ಅದೇ! ಅದೇ ನೋಡಿ!”

ಇಷ್ಟು ಅಪ್ಪಟ ಕಪ್ಪು ನಮ್ಮ ಬೀದಿಗೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ಪುಕ್ಕಟೆ ಸಿಗುತ್ತದೆ. ಆದರೆ ಅದಕ್ಕೆ ಇಎಂಐ ಇಲ್ಲ, ಹಾಗಾಗಿ ಅದಕ್ಕೆ ಬೆಲೆಯೂ ಇಲ್ಲ.

ಬ್ರ್ಯಾಂಡ್ ಜಗಳ ಇನ್ನೂ ಮಜವಾಗಿದೆ. ಇಂಜಿನಿಯರ್ರು ಸೋನಿ ಬಿಟ್ಟು ಬೇರೆ ಮಾತಾಡುವುದಿಲ್ಲ. “ಜಪಾನ್ ಅಂದ್ರೆ ಜಪಾನ್ ಕಣ್ರೀ.” ಮೇಷ್ಟ್ರಿಗೆ ಕೊರಿಯಾದ್ದೇ ಆಗಬೇಕು. ಈಗ ವಿಷಯ ಏನಪ್ಪಾ ಅಂದರೆ, ಸೋನಿ ಓಎಲ್‌ಇಡಿ ಟಿವಿಯ ಪರದೆಯನ್ನು ಸೋನಿ ಮಾಡುವುದಿಲ್ಲ. ಕೊರಿಯಾದ ಎಲ್‌ಜಿ ಡಿಸ್‌ಪ್ಲೇಯೋ ಸ್ಯಾಮ್‌ಸಂಗ್ ಡಿಸ್‌ಪ್ಲೇಯೋ ಮಾಡಿಕೊಡುತ್ತದೆ. ಸ್ಯಾಮ್‌ಸಂಗ್ ಕೂಡ ತನ್ನ ಕೆಲವು ಓಎಲ್‌ಇಡಿಗಳಿಗೆ ಎಲ್‌ಜಿ ಪರದೆಯನ್ನೇ ಹಾಕಿದೆ. ಅಲ್ಲಿ ಮೂವರೂ ವ್ಯವಹಾರ ಮಾಡಿಕೊಂಡು ಚೆನ್ನಾಗಿದ್ದಾರೆ, ಇಲ್ಲಿ ನಮ್ಮ ಬೀದಿಯಲ್ಲಿ ಮಾತು ಬಿಟ್ಟಿದ್ದಾರೆ. ಹಾಗಂತ ಎಲ್ಲ ಟಿವಿಯೂ ಒಂದೇ ಅಂತಲ್ಲ. ಚಿತ್ರ ತಿದ್ದುವ ಚಿಪ್ಪು ಬೇರೆ, ಒಳಗಿನ ಸಾಫ್ಟ್‌ವೇರ್ ಬೇರೆ. ಸ್ಯಾಮ್‌ಸಂಗ್‌ನವರು ದೃಶ್ಯಕ್ಕೆ ತಕ್ಕಂತೆ ಬೆಳಕು, ಬಣ್ಣ ಹೊಂದಿಸುವ ಡಾಲ್ಬಿ ವಿಷನ್ ಕೊಡುವುದಿಲ್ಲ, ಅದರ ಬದಲು ಅಂಥದ್ದೇ ಎಚ್‌ಡಿಆರ್ 10 ಪ್ಲಸ್ ಅಂತಾರೆ. ಇದರ ಮೇಲೆ ಒಂದು ಸಂಜೆ ಪೂರ್ತಿ ಕೂಗಾಟ ಆಯಿತು. ಎರಡೂ ಮನೆಯಲ್ಲಿ ಆಗ ಓಡುತ್ತಿದ್ದದ್ದು ಕೇಬಲ್ಲು. ಅದರಲ್ಲಿ ಡಾಲ್ಬಿ ವಿಷನ್ನೂ ಬರುವುದಿಲ್ಲ, ಪ್ಲಸ್ಸೂ ಬರುವುದಿಲ್ಲ.

ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಮೇಷ್ಟ್ರ ಮನೆಯವರ ಜೊತೆ ನಾನೂ ಹೋಗಿದ್ದೆ. ಗೋಡೆ ತುಂಬ ಟಿವಿ. ಒಂದರಲ್ಲಿ ಪಂಚರಂಗಿ ಗಿಳಿ, ಇನ್ನೊಂದರಲ್ಲಿ ಚಮಚದಿಂದ ಜೇನುತುಪ್ಪ ನಿಧಾನವಾಗಿ ಸುರಿಯುತ್ತಿದೆ, ಮತ್ತೊಂದರಲ್ಲಿ ನೀರಿಗೆ ಬಣ್ಣ ಬಿಡುತ್ತಿದ್ದಾರೆ. ಎಲ್ಲದಕ್ಕೂ ಬೆಳಕು ಪೂರ್ತಿ ಏರಿಸಿಟ್ಟಿದ್ದಾರೆ. ಗಿಳಿಯ ಪುಕ್ಕ ಎಣಿಸಬಹುದು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಗಿಳಿಯಿಂದ ಜೇನಿಗೆ, ಜೇನಿನಿಂದ ಗಿಳಿಗೆ ನಡೆದಾಡಿದರು. ಅವರಮ್ಮ, ಎಂಬತ್ತು ದಾಟಿದವರು, ಸ್ಟೂಲ್ ಮೇಲೆ ಕೂತು ಸ್ವಲ್ಪ ಹೊತ್ತು ಜೇನುತುಪ್ಪ ನೋಡಿದರು. ಆಮೇಲೆ ಅಂಗಡಿ ಹುಡುಗನನ್ನು ಕರೆದರು.

“ಮಗಾ, ಇದ್ರಲ್ಲಿ ಒಂದ್ ಧಾರಾವಾಹಿ ಹಾಕು ನೋಡೋಣ.”

ಹುಡುಗ ತಬ್ಬಿಬ್ಬಾದ. “ಅಜ್ಜಿ, ಇದಕ್ಕೆ ಕೇಬಲ್ ಕೊಟ್ಟಿಲ್ಲ. ಕೊಟ್ರೆ ಟಿವಿ ಚೆನ್ನಾಗಿ ಕಾಣಲ್ಲ.”

ಇಡೀ ಊರಿನಲ್ಲಿ ಟಿವಿ ಬಗ್ಗೆ ನಿಜ ಹೇಳಿದವನು ಇವನೊಬ್ಬನೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಷ್ಟ್ರು ಆಗಲೇ 8ಕೆ ಮುಂದೆ ನಿಂತಿದ್ದರು.

ಸ್ವಲ್ಪ ಲೆಕ್ಕ ಹಾಕೋಣ. ಸಾದಾ ಚಾನೆಲ್‌ನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಒಟ್ಟು ನಾಲ್ಕು ಲಕ್ಷ ಚಿಲ್ಲರೆ. 8ಕೆ ಪರದೆಯಲ್ಲಿರುವುದು 7680ಕ್ಕೆ 4320, ಅಂದರೆ ಮೂರು ಕೋಟಿ 31 ಲಕ್ಷ. ಭಾಗಿಸಿದರೆ ಸರಿಯಾಗಿ 80 ಬರುತ್ತದೆ. ಚಾನೆಲ್‌ನವರು ಒಂದು ಚುಕ್ಕಿ ಕಳಿಸುತ್ತಾರೆ, ಉಳಿದ 79ನ್ನು ಟಿವಿ ಊಹೆ ಮಾಡಿ ತುಂಬಿಕೊಳ್ಳುತ್ತದೆ. ಈ ಊಹೆಗೇ ಎಐ ಅಂತ ಹೆಸರಿಟ್ಟು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ರಾತ್ರಿ ಎಂಟು ಗಂಟೆಗೆ ಅತ್ತೆ ಸೊಸೆಯನ್ನು ಗುರಾಯಿಸುತ್ತಾಳಲ್ಲ, ಆ ಅತ್ತೆಯ ಮೂಗುಬೊಟ್ಟು 80ರಲ್ಲಿ ಒಂದು ಪಾಲು ಮಾತ್ರ ಅತ್ತೆಯದು. ಮಿಕ್ಕಿದ್ದೆಲ್ಲ ಚಿಪ್ಪಿನದು.

ಎಚ್‌ಡಿ ಚಾನೆಲ್ ಹಾಕಿಸಿಕೊಂಡರೆ 20 ಲಕ್ಷ ಚುಕ್ಕಿಯಾದರೂ ಬರುತ್ತದೆ. ಇದನ್ನು ಮೇಷ್ಟ್ರಿಗೆ ಹೇಳಿದೆ. “ಅಯ್ಯೋ, ಅದಕ್ಕೆ ತಿಂಗಳಿಗೆ ಜಾಸ್ತಿ ದುಡ್ಡು ಕೇಳ್ತಾರೆ ರೀ. ಸುಮ್ನೆ ಯಾಕೆ ದಂಡ?” ಅಂದರು. ಕೈಯಲ್ಲಿ ಟಿವಿಯ ಬಿಲ್ಲಿತ್ತು.

ಮನೆಗೆ ಬಂದ ಮೇಲೆ ಆಟ ಶುರು. ಅಂಗಡಿಯ ಝಗಮಗ ಬಿಟ್ಟು ಸಿನಿಮಾ ಮೋಡ್‌ಗೆ ಹಾಕಿದರೆ ಬಣ್ಣ ಸಹಜವಾಗುತ್ತದೆ, ಕಣ್ಣಿಗೂ ಹಿತ. ಮನೆಯವರು ಒಪ್ಪಲಿಲ್ಲ. “ಟಿವಿಗೆ ಕಾಮಾಲೆ ಆಗಿದೆ, ವಾಪಸ್ ಕೊಡಿ” ಅಂದರು. ಇನ್ನೊಂದು ಫೀಚರ್ ಇದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ಟಿವಿಗೆ ಅದು ಸಾಲದು, ಮಧ್ಯೆ ಮಧ್ಯೆ ತನ್ನದೂ ಸೇರಿಸಿ ನುಣ್ಣಗೆ ಮಾಡುತ್ತದೆ. ಡಾ. ರಾಜ್‌ಕುಮಾರ್ ಅವರ ಹಳೇ ಚಿತ್ರವೂ ನಿನ್ನೆ ಮಧ್ಯಾಹ್ನ ಶೂಟಿಂಗ್ ಮಾಡಿದ ಸೀರಿಯಲ್ ಹಾಗೆ ಕಾಣುತ್ತದೆ. ಈ ಫೀಚರ್ ಬೇಕು ಅಂತ ದುಡ್ಡು ಕೊಟ್ಟವರೇ ಅದನ್ನು ಆಫ್ ಮಾಡಿಸಲು ಬೆಂಗಳೂರಿನಿಂದ ಅಳಿಯ ಬರುವುದನ್ನು ಕಾಯುತ್ತಾರೆ.

ಇನ್ನು ಓಎಲ್‌ಇಡಿಯವರ ಗುಟ್ಟಿನ ದುಃಖ. ಒಂದೇ ಗುರುತು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತು, ದಿನಾ ಹಾಗೇ ಆದರೆ, ಕೊನೆಗೆ ಪರದೆಯ ಮೇಲೆ ಕಲೆ ಉಳಿಯಬಹುದು. ನಮ್ಮ ನ್ಯೂಸ್ ಚಾನೆಲ್‌ಗಳಲ್ಲಿ ಬ್ರೇಕಿಂಗ್ ನ್ಯೂಸ್ ಅನ್ನುವ ಕೆಂಪು ಪಟ್ಟಿ ಹುಟ್ಟಿದಾಗಿನಿಂದ ಕೆಳಗಿಳಿದಿಲ್ಲ. ಇಂಜಿನಿಯರ್ರಿಗೆ ಭಯ, ನಾಳೆ ಕ್ರಿಕೆಟ್ ಹಾಕಿದರೂ ಪಿಚ್ ಮೇಲೆ ಆ ಪಟ್ಟಿಯ ನೆರಳು ಬಿದ್ದಿದ್ದರೆ? ಹಾಗಾಗಿ ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ನ್ಯೂಸ್ ನೋಡುವಂತಿಲ್ಲ ಅಂತ ಮನೆಯಲ್ಲಿ ಆರ್ಡರ್ ಮಾಡಿದ್ದಾರೆ. ಅವರ ಬಿಪಿ ಇಳಿದಿದೆ. ಎರಡು ಲಕ್ಷಕ್ಕೆ ಬಂದ ಅಸಲಿ ಲಾಭ ನನಗೆ ಕಂಡದ್ದು ಇದೊಂದೇ.

ಸ್ಮಾರ್ಟ್ ವಿಚಾರಕ್ಕೆ ಬಂದರೆ, ಮೇಷ್ಟ್ರ ಅಮ್ಮ ರಿಮೋಟನ್ನು ಬಾಯಿ ಹತ್ತಿರ ಹಿಡಿದು “ಚಂದನ ಹಾಕಪ್ಪಾ” ಅಂದರು. ಟಿವಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಮುಖಕ್ಕೆ ಗಂಧದ ಲೇಪ ಹಚ್ಚುವ ಆರು ವಿಡಿಯೋ ತೋರಿಸಿತು. ಅಜ್ಜಿ ಎರಡನ್ನು ನೋಡಿಯೂ ಬಿಟ್ಟರು. ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಸೌಂಡ್‌ಬಾರಿಗೊಂದು, ಮೂರು ರಿಮೋಟು. ಸೌಂಡ್‌ಬಾರ್ ಯಾಕೆ ಅಂದರೆ, ಟಿವಿ ಎಷ್ಟು ತೆಳ್ಳಗಿದೆ ಅಂದರೆ ಒಳಗೆ ಸರಿಯಾದ ಸ್ಪೀಕರ್ ಇಡಲು ಜಾಗವೇ ಇಲ್ಲ.

ಆದರೆ ನಮ್ಮನ್ನು ಗಮನಿಸಲು ಜಾಗ ಇದೆ. ಪರದೆ ಮೇಲೆ ಏನು ಓಡುತ್ತಿದೆ ಅಂತ ಗುರುತು ಹಿಡಿದು ಕಂಪನಿಗೆ ವರದಿ ಮಾಡುವ ವ್ಯವಸ್ಥೆ ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿದೆ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅದನ್ನು ಆಫ್ ಮಾಡುವ ಗುಂಡಿಯೂ ಇರುತ್ತದೆ. ಕೇಳದೆ ಹೀಗೆ ಮಾಡಿದ್ದಕ್ಕೆ ಅಮೆರಿಕದಲ್ಲಿ ವಿಜಿಯೋ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತು. 1935ರಲ್ಲಿ ಇದೇ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ ರೇಡಿಯೋ ಪ್ರಸಾರ ಶುರು ಮಾಡಿದ್ದರು. ಈಗ ನಮ್ಮ ಬೀದಿಯ ಪ್ರತಿ ಮನೆಯೂ ಒಂದೊಂದು ಪ್ರಸಾರ ಕೇಂದ್ರ. ರಾತ್ರಿ ಹನ್ನೊಂದರ ಮೇಲೆ ಎದುರು ಮನೆ ಮೇಷ್ಟ್ರು ಏನು ನೋಡುತ್ತಾರೆ ಅನ್ನುವುದು ಅವರ ಹೆಂಡತಿಗೆ ಗೊತ್ತಿಲ್ಲ, ಸಮುದ್ರದಾಚೆ ಯಾರಿಗೋ ಗೊತ್ತು.

ಜಂಬೂಸವಾರಿ ದಿನ ಇಂಜಿನಿಯರ್ರ ಮನೆಯಲ್ಲಿ ಹತ್ತಾರು ಜನ ಸೇರಿದ್ದೆವು. ಅರಮನೆ ಎರಡು ಕಿಲೋಮೀಟರ್ ದೂರ ಇಲ್ಲ. “ಅಲ್ಲಿ ನೂಕುನುಗ್ಗಲಲ್ಲಿ ಏನ್ ಕಾಣುತ್ತೆ? ಇಲ್ಲಿ ಆನೆಯ ರೆಪ್ಪೆಗೂದಲು ಕಾಣುತ್ತೆ” ಅಂತ ಅವರೇ ಕರೆದಿದ್ದರು. ಆ್ಯಪ್‌ನಲ್ಲಿ ನೇರ ಪ್ರಸಾರ. ಇಂಟರ್‌ನೆಟ್ ಮೇಲೆ ಬರುವ ನೇರ ಪ್ರಸಾರ ಅಷ್ಟೇನೂ ನೇರ ಅಲ್ಲ, ಎಷ್ಟೋ ಸೆಕೆಂಡ್ ತಡ. ಪರದೆಯ ಮೇಲೆ ಇನ್ನೂ ಮುಖ್ಯಮಂತ್ರಿಗಳು ಹೂವಿಗೆ ಕೈ ಹಾಕುತ್ತಿದ್ದರು, ಅಷ್ಟರಲ್ಲಿ ಕಿಟಕಿಯಿಂದ ಢಮಾರ್ ಅಂತ ಕುಶಾಲತೋಪು ಕೇಳಿಸಿತು. ಇಂಜಿನಿಯರ್ರ ಮುಖ ಕೆಂಪಾಯಿತು. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದರು. ತಾಯಿ ಚಾಮುಂಡಿಯ ಪವಾಡವೇ ಇರಬೇಕು, ಒಂದೇ ರಿಂಗಿಗೆ ಎತ್ತಿದರು.

“ಸೌಂಡ್ ಮೊದಲು ಬರ್ತಿದೆ ರೀ, ಚಿತ್ರ ಆಮೇಲೆ!”

“ಟಿವಿ ಒಂದ್ಸಲ ಆಫ್ ಮಾಡಿ ಸಾರ್.”

ಮಾಡಿದರು. ಅಪ್ಪಟ ಕಪ್ಪು. ಢಮಾರ್.

“ಆಫ್ ಮಾಡಿದ್ರೂ ಬರ್ತಿದೆ ಕಣ್ರೀ! ನಾಳೆನೇ ಟೆಕ್ನಿಷಿಯನ್ ಕಳಿಸಿ.”